ಮುಂಗುಸಿ ಹಗಲಲ್ಲಿ ಬರುತ್ತೆ: ಮೊಲದ ಗೂಡು ಎರಡು ಸಲ ಕಟ್ಟಿದ ಲೆಕ್ಕ

ನಮ್ಮ ಮನೆ ಬೆಂಗಳೂರಿನ ಕನಕಪುರ ರಸ್ತೆಯಲ್ಲಿ, ತಲಘಟ್ಟಪುರದ ಒಳಗೆ. 30×50 ಸೈಟು. ಮನೆ ಹಿಂದೆ 11 ಅಡಿ ಮಣ್ಣಿನ ಜಾಗ ಬಿಟ್ಟುಕೊಂಡಿದ್ದೇವೆ. ಒಂದು ನುಗ್ಗೆ ಮರ, ಒಂದು ಪಪ್ಪಾಯಿ ಗಿಡ, ಬಟ್ಟೆ ಒಣಗಿಸೋ ತಂತಿ. ಪಕ್ಕದ ಸೈಟು ನಾವು ಬಂದಾಗಿನಿಂದ ಖಾಲಿ. ಖಾಲಿ ಅಂದರೆ ಮನೆ ಇಲ್ಲ ಅಷ್ಟೆ. ಲಂಟಾನ ಪೊದೆ, ಎದೆಯುದ್ದ ಪಾರ್ಥೇನಿಯಂ, ಯಾರೋ ರಾತ್ರಿ ಸುರಿದು ಹೋದ ಒಡೆದ ಗೋಡೆ ಚೂರು. ಅದರೊಳಗೆ ಏನೇನು ವಾಸ ಇದೆ ಅಂತ ಈ ವರ್ಷ ಗೊತ್ತಾಯಿತು.

ಜನವರಿ 14, 2025

ನಾದಿನಿ ಅಪಾರ್ಟ್‌ಮೆಂಟಿಗೆ ಹೋಗುವಾಗ ಮೂರು ಮೊಲ ನಮ್ಮ ತಲೆಗೆ ಕಟ್ಟಿದಳು. ಮೂರೂ ಹೆಣ್ಣು, ಪುಣ್ಯ. ಬಂದದ್ದು ಸಂಕ್ರಾಂತಿ ದಿನ. ಹಾಗಾಗಿ ಮಗಳು ಕಪ್ಪಗಿರೋದಕ್ಕೆ ಎಳ್ಳು, ಕಂದು ಬಣ್ಣದ್ದಕ್ಕೆ ಬೆಲ್ಲ, ಬಿಳಿಯದಕ್ಕೆ ಕೊಬ್ಬರಿ ಅಂತ ಹೆಸರಿಟ್ಟಳು.

ಒಂದು ಅಂಗಡಿಯಲ್ಲಿ ರೆಡಿಮೇಡ್ ಮರದ ಗೂಡು ತಂದೆ. ₹6,500. ನೋಡಲು ಚೆಂದ, ಹಸಿರು ಚಾವಣಿ, ಪುಟ್ಟ ಏಣಿ ಬೇರೆ. ಬಲೆ ಮಾತ್ರ ಆರು ಮೂಲೆಯ ತೂತಿನ ಕೋಳಿ ಬಲೆ, ಸ್ಟೇಪ್ಲರ್ ಪಿನ್ನಿನಲ್ಲಿ ಮರಕ್ಕೆ ಹೊಡೆದದ್ದು. ಆಗ ಅದರ ಕಡೆ ಗಮನ ಹೋಗಲಿಲ್ಲ. ಏಣಿ ಚೆನ್ನಾಗಿತ್ತು.

ನನಗಿದ್ದ ಭಯ ಬೆಕ್ಕಿನದು, ಬೀದಿ ನಾಯಿಯದು. ಎರಡೂ ರಾತ್ರಿ ಬರುತ್ತವೆ ಅಂತ ನನ್ನ ಲೆಕ್ಕ. ಸಂಜೆ ಏಳಕ್ಕೆ ಗೂಡಿನ ಮೇಲೆ ಟಾರ್ಪಾಲು ಹೊದಿಸಿ ಸುತ್ತ ಇಟ್ಟಿಗೆ ಇಡೋದು, ಬೆಳಿಗ್ಗೆ ಆರಕ್ಕೆ ತೆಗೆಯೋದು. ಒಂದು ತಿಂಗಳು ತಪ್ಪದೆ ಮಾಡಿದೆ.

ಫೆಬ್ರವರಿ 12

ಕೊಬ್ಬರಿ ಹೋಯಿತು. ರಾತ್ರಿ ಅಲ್ಲ, ಬೆಳಿಗ್ಗೆ ಹನ್ನೊಂದೂವರೆಗೆ. ಅಮ್ಮ ಬಟ್ಟೆ ಒಣಗಹಾಕಿ ಒಳಗೆ ಬಂದು ಕಾಫಿ ಕುಡಿದು ಮತ್ತೆ ಹೋಗುವಷ್ಟರಲ್ಲಿ.

ಗೂಡಿನ ಕೆಳಗಿನ ಬಲ ಮೂಲೆಯಲ್ಲಿ ಬಲೆ ಎದ್ದಿತ್ತು. ಟೇಪ್ ಹಿಡಿದು ನೋಡಿದೆ. ಮೂರೂವರೆ ಇಂಚು ಉದ್ದ, ಎರಡೂವರೆ ಇಂಚು ಎತ್ತರ. ಮಣ್ಣಿನಲ್ಲಿ ಮೂರು ಸ್ಟೇಪ್ಲರ್ ಪಿನ್ ಬಿದ್ದಿದ್ದವು, ಒಂದೂ ಬಾಗಿರಲಿಲ್ಲ. ಅಂದರೆ ಕಚ್ಚಿ ಹರಿದದ್ದಲ್ಲ, ಎಳೆದದ್ದು. ಪಿನ್ನು ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಹೊರಗೆ ಬಂದಿತ್ತು. ಬಂದದ್ದು ಒಳಗೆ ನುಗ್ಗಿದೆ, ಆದರೆ ಮೊಲವನ್ನು ಆ ತೂತಿನಲ್ಲಿ ಹೊರಗೆ ಎಳೆಯಲು ಆಗಿಲ್ಲ. ಹಾಗೇ ಬಿಟ್ಟು ಹೋಗಿದೆ. ಉಳಿದ ಎರಡು ಮೇಲಿನ ಪೆಟ್ಟಿಗೆಯಲ್ಲಿ ಒಂದರ ಮೇಲೊಂದು ಅವುಚಿಕೊಂಡಿದ್ದವು. ಎಳ್ಳು ಎರಡು ದಿನ ಏನೂ ತಿನ್ನಲಿಲ್ಲ. ಮೊಲಗಳು ಬರೀ ಹೆದರಿಕೆಗೇ ಸಾಯುವುದುಂಟು ಅಂತ ಡಾಕ್ಟರು ಹೇಳಿದರು. ಆ ಎರಡು ದಿನ ಮಗಳು ಸ್ಕೂಲಿಗೆ ಹೋಗಲಿಲ್ಲ.

ಕೊಬ್ಬರಿಯನ್ನು ನುಗ್ಗೆ ಮರದ ಬುಡದಲ್ಲಿ ಹೂತೆವು.

ಫೆಬ್ರವರಿ 13ರಿಂದ 15: ಬಂದದ್ದು ಯಾರು

ಎಳ್ಳು, ಬೆಲ್ಲ ಎರಡೂ ಸ್ನಾನದ ಮನೆಗೆ ಶಿಫ್ಟ್ ಆದವು. ಖಾಲಿ ಗೂಡಿನೊಳಗೆ ಕ್ಯಾರೆಟ್ ಇಟ್ಟು ಸುತ್ತ ರಾಗಿ ಹಿಟ್ಟು ಚೆಲ್ಲಿದೆ, ಹೆಜ್ಜೆ ಗುರುತು ಬೀಳಲಿ ಅಂತ. ಬೆಳಿಗ್ಗೆ ನೋಡಿದರೆ ಇರುವೆ ಸಾಲು ಬಿಟ್ಟು ಬೇರೇನೂ ಇಲ್ಲ. ಅಮ್ಮ ಒಂದು ಸೇರು ಹಿಟ್ಟು ಹಾಳು ಮಾಡಿದೆ ಅಂತ ಬೈದರು. ಬೈದ ಮೇಲೆ ಅವರೇ ರಂಗೋಲಿ ಪುಡಿ ಡಬ್ಬಿ ಕೊಟ್ಟರು.

ರಂಗೋಲಿ ಪುಡಿ ಈ ಕೆಲಸಕ್ಕೆ ಹೇಳಿ ಮಾಡಿಸಿದ ಹಾಗಿದೆ. ನೆಲ ಸ್ವಲ್ಪ ಒದ್ದೆ ಮಾಡಿ, ಟೀ ಸೋಸೋ ಜಾಲರಿಯಲ್ಲಿ ಜರಡಿ ಹಿಡಿದ ಹಾಗೆ ಉದುರಿಸಬೇಕು. ರಾಶಿ ಹಾಕಬಾರದು. ಮೊದಲ ರಾತ್ರಿ ಎರಡು ಥರ ಗುರುತು ಬಿತ್ತು. ಒಂದು ದುಂಡಗೆ, ನಾಲ್ಕು ಬೆರಳು, ಉಗುರಿನ ಗುರುತಿಲ್ಲ. ಅದು ಬೆಕ್ಕು, ಉಗುರು ಒಳಗೆಳೆದುಕೊಂಡು ನಡೆಯುತ್ತೆ. ಇನ್ನೊಂದು ಚಿಕ್ಕದು, ಬಾಲ ಎಳೆದ ಗೆರೆ ಸಮೇತ. ಅದು ಹೆಗ್ಗಣ. ಎರಡೂ ಗೂಡನ್ನು ಒಂದು ಸುತ್ತು ಹಾಕಿ ಹೋಗಿದ್ದವು. ಆ ಮೂಲೆ ಹತ್ತಿರ ಸುಳಿದಿರಲಿಲ್ಲ.

ಮೂರನೇ ದಿನ ಶನಿವಾರ. ಬೆಳಿಗ್ಗೆ ಹತ್ತಕ್ಕೆ ಹೊಸದಾಗಿ ಪುಡಿ ಉದುರಿಸಿ ಅಡುಗೆಮನೆ ಕಿಟಕಿಯಲ್ಲಿ ಕೂತೆ. ಹನ್ನೊಂದಾಗಿ ಸ್ವಲ್ಪ ಹೊತ್ತಿಗೆ ಕಾಂಪೌಂಡಿನ ನೀರು ಹೋಗೋ ತೂತಿನಿಂದ ಒಂದು ಮೂತಿ ಬಂತು. ಆಮೇಲೆ ಉದ್ದ ಮೈ, ಆಮೇಲೆ ಅಷ್ಟೇ ಉದ್ದದ ಬಾಲ. ಮುಂಗುಸಿ. ಸೀದಾ ಅದೇ ಮೂಲೆಗೆ ಹೋಯಿತು. ವಿಳಾಸ ಗೊತ್ತಿರೋರ ಹಾಗೆ. ನಾನು ಕಿಟಕಿ ಬಡಿದೆ, ಓಡಿತು. ಹೋಗಿ ನೋಡಿದರೆ ಪುಡಿಯಲ್ಲಿ ಐದು ಬೆರಳು, ಪ್ರತಿ ಬೆರಳಿನ ಮುಂದೆ ಉಗುರಿನ ಚುಕ್ಕಿ.

ನಮ್ಮ ಕಡೆ ಕಾಣೋ ಬೂದು ಮುಂಗುಸಿ ಹಗಲು ಬೇಟೆಯಾಡುವ ಪ್ರಾಣಿ. ನಾನು ಒಂದು ತಿಂಗಳು ರಾತ್ರಿ ಕಾವಲು ಕಾಯ್ದು, ಬೆಳಿಗ್ಗೆ ಆರಕ್ಕೆ ನನ್ನ ಕೈಯಾರೆ ಟಾರ್ಪಾಲು ತೆಗೆದು ಬಾಗಿಲು ತೋರಿಸಿದ್ದೆ.

ಎದುರು ಮನೆಯವರು ಬೋನು ಇಡಿ ಅಂದರು, ಇನ್ನೊಬ್ಬರು ಇಲಿ ಪಾಷಾಣ ಅಂದರು. ಎರಡೂ ಬೇಡ. ಮುಂಗುಸಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ, ಹಿಡಿಯೋದೂ ಅಪರಾಧ. ಅದರ ಕೂದಲಿನ ಪೇಂಟ್ ಬ್ರಷ್ ಮಾರಿದರೂ ಕೇಸು. ಪಾಷಾಣ ಹಾಕಿದರೆ ಇಲಿ ಸಾಯುತ್ತೆ, ಆ ಇಲಿ ತಿಂದ ಗೂಬೆ, ಬೆಕ್ಕು, ಹಾವೂ ಸಾಯುತ್ತೆ. ಮುಂಗುಸಿ ತಪ್ಪೇನಿದೆ ಹೇಳಿ? ತಪ್ಪು ಪಿನ್ನಿನದು.

ಫೆಬ್ರವರಿ 16: ಮೊದಲ ರಿಪೇರಿ, ಕೆಟ್ಟ ರಿಪೇರಿ

ಇದನ್ನು ಬಿಡಿಸಿ ಬರೆಯುತ್ತೇನೆ. ಇಡೀ ಕೆಲಸದಲ್ಲಿ ನನಗೆ ಹೆಚ್ಚು ನಾಚಿಕೆ ತಂದದ್ದು ಇದೇ.

ಆ ಭಾನುವಾರ ಹಳೆ ಗೂಡನ್ನೇ ಗಟ್ಟಿ ಮಾಡೋಣ ಅಂತ ಹೊರಟೆ. ಬಲೆಯ ಅಂಚಿಗೆ ಮರದ ಪಟ್ಟಿ ಇಟ್ಟು ಸ್ಕ್ರೂ ಹೊಡೆದೆ. ಅದು ಸರಿ ಇತ್ತು. ಆಮೇಲೆ ಇನ್ನೂ ಭದ್ರ ಆಗಲಿ ಅಂತ ಪಾರಿವಾಳಕ್ಕೆ ಬಾಲ್ಕನಿಯಲ್ಲಿ ಕಟ್ಟುತ್ತಾರಲ್ಲ, ಆ ನೈಲಾನ್ ಬಲೆ ₹450ಕ್ಕೆ ತಂದು ಗೂಡಿಗೆಲ್ಲ ಸುತ್ತಿದೆ. ಉಳಿದ ಮೂರು ಅಡಿ ಬಲೆಯನ್ನು ನೆಲದ ಮೇಲೆ ಸಡಿಲವಾಗಿ ಹರಡಿ ಇಟ್ಟಿಗೆ ಹೇರಿದೆ. ಮುಂಗುಸಿ ಕಾಲು ಸಿಕ್ಕಿಕೊಂಡರೆ ಹೆದರಿ ಬರಲ್ಲ ಅಂತ ನನ್ನ ಬುದ್ಧಿವಂತಿಕೆ.

ಫೆಬ್ರವರಿ 23ರ ಬೆಳಿಗ್ಗೆ ಅದರಲ್ಲಿ ಆರಡಿ ಹಾವು ಸಿಕ್ಕಿಕೊಂಡಿತ್ತು.

ಅಮ್ಮ ನಾಗಪ್ಪ ಅಂತ ಅಲ್ಲೇ ಕೈ ಮುಗಿದು ನಿಂತುಬಿಟ್ಟರು. ಹಾವು ಹಿಡಿಯುವವರಿಗೆ ಫೋನ್ ಮಾಡಿದೆ, ನಲವತ್ತು ನಿಮಿಷಕ್ಕೆ ಬಂದರು. ಹುಡುಗ ಅನ್ನೋ ವಯಸ್ಸು. ನೋಡಿದ ತಕ್ಷಣ "ಕೇರೆ ಹಾವು ಅಮ್ಮ, ವಿಷ ಇಲ್ಲ, ಇಲಿಗೆ ಬಂದಿದೆ" ಅಂದ. ಒಂದು ಕೈಯಲ್ಲಿ ಕತ್ತಿನ ಹಿಂದೆ ಮೆತ್ತಗೆ ಹಿಡಿದು, ಇನ್ನೊಂದರಲ್ಲಿ ಉಗುರು ಕತ್ತರಿಸೋ ಚಿಕ್ಕ ಕತ್ತರಿ. ನೈಲಾನ್ ದಾರ ಹುರುಪೆಗಳ ಕೆಳಗೆ ಹೋಗಿ ಕೂತಿತ್ತು. ಹಾವು ಮುಂದಕ್ಕೆ ಎಳೆದಷ್ಟೂ ಬಿಗಿ. ಅವನು ಕತ್ತರಿಯ ಒಂದೇ ಅಲಗನ್ನು ಬಾಲದ ಕಡೆಯಿಂದ ದಾರದ ಕೆಳಗೆ ತೂರಿಸಿ, ಎತ್ತಿ, ಕತ್ತರಿಸುತ್ತಿದ್ದ. ಬಲೆಯ ಒಂದೊಂದೇ ಕಣ್ಣು. ನಾನು ನೀರು ಚಿಮುಕಿಸುತ್ತಾ ಕೂತಿದ್ದೆ. ಇಪ್ಪತ್ತೆರಡು ಕಡೆ ಕತ್ತರಿಸಿದ, ನಾನು ಎಣಿಸಿದೆ. ಎರಡು ಕಡೆ ಚರ್ಮ ಸುಲಿದಿತ್ತು. "ಸಾರ್, ಈ ಬಲೆ ನೆಲದ ಮೇಲೆ ಹಾಕಬೇಡಿ. ತಿಂಗಳಿಗೆ ಎಷ್ಟು ಹಾವು ಹಿಂಗೆ ಬಿಡಿಸ್ತೀವಿ ಗೊತ್ತಾ?" ಅಂದ. ಬೈದಿದ್ದರೆ ಸಮಾಧಾನ ಆಗುತ್ತಿತ್ತು. ಪೆಟ್ರೋಲಿಗೆ ಅಂತ ₹500 ಕೊಟ್ಟೆ, ಹಾವನ್ನು ಡಬ್ಬಿಯಲ್ಲಿ ಹಾಕಿಕೊಂಡು ಹೋದ.

ಹೋಗುವ ಮುಂಚೆ ಒಂದು ಕೆಲಸಕ್ಕೆ ಬರೋ ಮಾತು ಹೇಳಿದ. ದೊಡ್ಡ ಮೊಲವನ್ನು ಕೇರೆ ನುಂಗಲ್ಲ, ಅದು ಬರೋದು ಇಲಿ ಹೆಗ್ಗಣಕ್ಕೆ. ಇಲಿ ಬರೋದು ನೀವು ರಾತ್ರಿ ಬಟ್ಟಲಲ್ಲಿ ಬಿಡೋ ಕಾಳಿಗೆ. ಅವತ್ತಿಂದ ಕಾಳಿನ ಬಟ್ಟಲು ಸಂಜೆ ಆರಕ್ಕೆ ಮನೆ ಒಳಗೆ, ಚೀಲ ಇದ್ದದ್ದು ಮುಚ್ಚಳದ ಸ್ಟೀಲ್ ಡಬ್ಬಿಗೆ. ರಾತ್ರಿ ಗೂಡಿನಲ್ಲಿ ಒಣ ಹುಲ್ಲು ಮಾತ್ರ. ಹತ್ತೇ ದಿನಕ್ಕೆ ಹೆಗ್ಗಣದ ಓಡಾಟ ಅರ್ಧ ಆಯಿತು. ಖರ್ಚು ಸೊನ್ನೆ.

ಮಾರ್ಚ್ 1: ಎಸ್‌ಜೆಪಿ ರಸ್ತೆ

ಹಳೆ ಗೂಡು ಬಿಟ್ಟು ಹೊಸದು ಕಟ್ಟೋದು ಅಂತ ತೀರ್ಮಾನ. 6 ಅಡಿ ಉದ್ದ, 4 ಅಡಿ ಅಗಲ, 4 ಅಡಿ ಎತ್ತರ. 4 ಅಡಿಗೆ ಕಾರಣ ಬಲೆ ಆ ಅಗಲದಲ್ಲಿ ಸಿಗುತ್ತೆ, ಜೋಡಿಸೋ ಗೋಜಿಲ್ಲ.

ಸಾಮಾನಿಗೆ ಎಸ್‌ಜೆಪಿ ರಸ್ತೆಯ ಹಾರ್ಡ್‌ವೇರ್ ಅಂಗಡಿಗೆ ಹೋದೆ. ಅಂಗಡಿಯವರು "ಯಾವ ಪ್ರಾಣಿಗೆ?" ಅಂತ ಕೇಳಿದರು. ಮೊಲಕ್ಕೆ, ಮುಂಗುಸಿ ಬರಬಾರದು ಅಂದೆ. ಅವರು ಒಂದು ತುಂಡು ಕೋಳಿ ಬಲೆ ತೆಗೆದು, ಕಿವಿಯಲ್ಲಿಟ್ಟಿದ್ದ ಬಾಲ್‌ಪೆನ್ನನ್ನು ಅದರ ತೂತಿಗೆ ಹಾಕಿ ಒಂದು ಸುತ್ತು ತಿರುಗಿಸಿದರು. ತಂತಿ ಹುರಿ ಬಿಚ್ಚಿ ತೂತು ದೊಡ್ಡದಾಯಿತು. ಅದೇ ಪೆನ್ನು ವೆಲ್ಡ್ ಮೆಶ್‌ಗೆ, ಅಂದರೆ ತಂತಿ ಬೆಸೆದು ಮಾಡಿದ ಬಲೆಗೆ, ಹಾಕಿ ತಿರುಗಿಸಿದರು, ಪೆನ್ನು ಬಿರುಕು ಬಿಟ್ಟಿತು. ಇನ್ನೇನು ಕೇಳೋದು.

ತಂದದ್ದು: ಅರ್ಧ ಇಂಚು ಕಣ್ಣಿನ ಜಿಐ (ಸತು ಲೇಪಿಸಿದ ಕಬ್ಬಿಣ) ವೆಲ್ಡ್ ಮೆಶ್, 19 ಗೇಜು, ಅಂದರೆ ತಂತಿ ಸುಮಾರು 1 ಮಿಮೀ ದಪ್ಪ. 4 ಅಡಿ ಅಗಲ, 50 ಅಡಿ ಉದ್ದದ ರೋಲು ₹3,400. ಒಂದು ಇಂಚು ಕಣ್ಣಿನದು ಅಗ್ಗ ಇತ್ತು. ಆದರೆ ಅದರಲ್ಲಿ ಇಲಿ ತೂರುತ್ತೆ, ಇಲಿ ತೂರಿದರೆ ಹಾವೂ ಬರುತ್ತೆ. ಅರ್ಧ ಇಂಚಿನಲ್ಲೂ ಪುಟ್ಟ ಹಾವಿನ ಮರಿ ಬರಬಹುದು, ಅದಕ್ಕೆ ನಾನು ತಲೆ ಕೆಡಿಸಿಕೊಳ್ಳಲಿಲ್ಲ.

ಒಂದಿಂಚು ಚೌಕದ ಕಬ್ಬಿಣದ ಪೈಪು, 16 ಗೇಜು, 20 ಅಡಿಯ 5 ಉದ್ದ. ಒಂದೊಂದು 7 ಕೆಜಿ, ಕೆಜಿಗೆ ₹72, ಒಟ್ಟು ₹2,520. ಅಂಗಡಿಯಲ್ಲೇ ಅರ್ಧಕ್ಕೆ ಕತ್ತರಿಸಿಕೊಂಡು ಲಗೇಜ್ ಆಟೋದಲ್ಲಿ ತಂದೆ, ₹700.

ನಡುವೆ ಒಂದು ಮಾತು. ತುರಹಳ್ಳಿ ಕಾಡು ನಮಗೆ ಹತ್ತಿರ. ಚಿರತೆ ಸುದ್ದಿ ಆಗಾಗ ಬರುತ್ತೆ. 2023ರಲ್ಲಿ ಕೂಡ್ಲು ಗೇಟ್ ಕಡೆ ಅಪಾರ್ಟ್‌ಮೆಂಟ್ ಒಳಗೇ ಓಡಾಡಿತ್ತಲ್ಲ. ಒಂದು ಮಿಲಿಮೀಟರ್ ತಂತಿ ಅದಕ್ಕೆ ಲೆಕ್ಕಕ್ಕಿಲ್ಲ. ಅಂಥ ಸುದ್ದಿ ಬಂದ ದಿನ ಮೊಲಗಳು ಸ್ನಾನದ ಮನೆಯಲ್ಲಿ ಮಲಗುತ್ತವೆ. ಅದಕ್ಕೆ ಬೇರೆ ಉಪಾಯ ಹುಡುಕಿಲ್ಲ.

ಮಾರ್ಚ್ 8, 9: ವೆಲ್ಡಿಂಗ್

ವೆಲ್ಡರ್ ಅಣ್ಣ ಎರಡು ದಿನ ಬಂದರು, ರಾಡು ಸೇರಿ ₹2,500. ಕೆಳಗೆ ಒಂದು ಚೌಕಟ್ಟು, ಮೇಲೆ ಒಂದು, ನಾಲ್ಕು ಕಂಬ, ಉದ್ದದ ಎರಡೂ ಕಡೆ ನಡುವೆ ಒಂದೊಂದು ಕಂಬ, ಮೇಲೆ ಒಂದು ಅಡ್ಡ. ಬಾಗಿಲು ಎರಡೂವರೆ ಅಡಿ ಅಗಲ, ಮೂರೂವರೆ ಅಡಿ ಎತ್ತರ.

ಇಲ್ಲಿ ನನ್ನ ಎರಡು ತಪ್ಪು. ಒಂದು, ಗೂಡನ್ನು ಕಾಂಪೌಂಡಿಗೆ ಅಂಟಿಸಿ ಇಡಬೇಕು ಅಂತ ಹಟ ಮಾಡಿದೆ, ಜಾಗ ಉಳಿಯುತ್ತೆ ಅಂತ. ಇಟ್ಟು ನೋಡಿದರೆ ಗೋಡೆಗೂ ಗೂಡಿಗೂ ನಡುವೆ ನಾಲ್ಕಿಂಚು ಸಂದು. ಕೈ ಹೋಗಲ್ಲ, ಪೊರಕೆ ಹೋಗಲ್ಲ, ಹೆಗ್ಗಣ ಆರಾಮಾಗಿ ಹೋಗುತ್ತೆ. ಅಣ್ಣ ನಕ್ಕು "ಹೆಗ್ಗಣಕ್ಕೆ ಔಟ್‌ಹೌಸ್ ಕಟ್ಕೊಟ್ಟಂಗಾಯ್ತು ಸಾರ್" ಅಂದರು. ಗೋಡೆಯಿಂದ ಎರಡೂವರೆ ಅಡಿ ಈಚೆಗೆ ಎಳೆದೆವು.

ಎರಡನೇದು, ನೆಲ ಮಟ್ಟ ನೋಡದೆ ಅಳತೆ ಕೊಟ್ಟಿದ್ದೆ. ಗೂಡು ಇಟ್ಟ ಮೇಲೆ ಒಂದು ಮೂಲೆ ಒಂದೂಕಾಲು ಇಂಚು ಗಾಳಿಯಲ್ಲಿತ್ತು. ವೆಲ್ಡಿಂಗ್ ತಪ್ಪಲ್ಲ, ಮಣ್ಣಿನ ಇಳಿಜಾರು. ಮತ್ತೆ ಎತ್ತಿ, ಸುತ್ತ ಒಂದು ಸಾಲು ಇಟ್ಟಿಗೆ ಕೂರಿಸಿ, ಸಿಮೆಂಟು ಹಾಕಿ, ಅದರ ಮೇಲೆ ಇಳಿಸಿದೆವು. ಅರ್ಧ ಮೂಟೆ ಸಿಮೆಂಟು, ಎಂ ಸ್ಯಾಂಡು, ಇಟ್ಟಿಗೆ ಸೇರಿ ₹510. ಮೊದಲೇ ದಾರ ಕಟ್ಟಿ ನೋಡಿದ್ದರೆ ಒಂದು ಸಂಜೆ ಉಳಿಯುತ್ತಿತ್ತು.

ಆ ವಾರ ಎರಡು ಕೈ ರೆಡ್ ಆಕ್ಸೈಡ್, ಒಂದು ಕೈ ಹಸಿರು ಎನಾಮಲ್. ಥಿನ್ನರ್ ಸೇರಿ ₹730. ಮೊಲ ಏನು ಸಿಕ್ಕರೂ ಕಡಿಯುತ್ತೆ, ಅದಕ್ಕೆ ಪೈಪಿನ ಒಳಮೈಗೆ ಬಲೆ ಬರಬೇಕು, ಬಣ್ಣಕ್ಕೆ ಹಲ್ಲು ತಾಗಬಾರದು ಅಂತ ಯೋಚನೆ ಮಾಡಿದ್ದೆ. ಅದು ಮುಂದಿನ ತಪ್ಪು.

ಮಾರ್ಚ್ 16: ಬಲೆ

ಒಳಗಿನಿಂದ ಬಲೆ ಕಟ್ಟಿದೆ, ಬೈಂಡಿಂಗ್ ವೈರಿನಲ್ಲಿ. ಒಂದು ಕಡೆ ಮುಗಿಸಿ ಹೊರಗೆ ನಿಂತು ಕಾಲಿನಿಂದ ಒಂದು ಸಲ ಒತ್ತಿದೆ. ಬಲೆ ಒಳಕ್ಕೆ ಬಾಗಿ ಎರಡು ಕಟ್ಟು ಟಪ್ ಅಂತ ಹೋಯಿತು. ಹೊರಗಿನಿಂದ ತಳ್ಳೋ ಪ್ರಾಣಿಗೆ ಬಲೆ ಹೊರಗಿರಬೇಕು. ಆಗ ತಳ್ಳಿದಷ್ಟೂ ಅದು ಪೈಪಿಗೆ ಆನಿಕೊಳ್ಳುತ್ತೆ. ಎಲ್ಲ ಬಿಚ್ಚಿ ಹೊರಗಿನಿಂದ ಹಾಕಿದೆ. ಪೈಪು ಕಡಿದರೆ ಕಡಿಯಲಿ ಅಂತ ಮೂಲೆಯಲ್ಲಿ ಕಚ್ಚಲು ಸೀಬೆ ಕೊಂಬೆ ಇಟ್ಟೆ, ಈವರೆಗೆ ಪೈಪಿನ ತಂಟೆಗೆ ಹೋಗಿಲ್ಲ.

ಬೈಂಡಿಂಗ್ ವೈರೂ ಬಿಟ್ಟೆ. ಸೆಲ್ಫ್ ಡ್ರಿಲ್ಲಿಂಗ್ ಸ್ಕ್ರೂ, ಅದರ ತಲೆಗೆ ಒಂದಿಂಚು ಅಗಲದ ವಾಷರ್, ಪ್ರತಿ ನಾಲ್ಕು ಇಂಚಿಗೆ ಒಂದು. ಸ್ಕ್ರೂ ವಾಷರ್ ಎರಡೂ ಸೇರಿ ₹560. ಬರೀ ಸ್ಕ್ರೂ ಹೊಡೆದರೆ ತಲೆ ಬಲೆಯ ಕಣ್ಣಿನಲ್ಲಿ ಜಾರಿಹೋಗುತ್ತೆ, ವಾಷರ್ ಇಲ್ಲದೆ ಪ್ರಯೋಜನ ಇಲ್ಲ. ಡ್ರಿಲ್ ಮೆಷಿನ್ನು ಎದುರು ಮನೆಯವರದು.

ಸುತ್ತ 20 ಅಡಿ, ಮೇಲೆ 6 ಅಡಿ ಬಲೆ ಹೋಯಿತು. ಕತ್ತರಿಸಲು ಕಟಿಂಗ್ ಪ್ಲೇಯರ್ ಹಿಡಿದರೆ ಸಂಜೆವರೆಗೂ ಆಗಲ್ಲ. ತಗಡು ಕತ್ತರಿ ತಗೊಳ್ಳಿ. ಕೈಗವಸು ಹಾಕದೆ ಶುರು ಮಾಡಿ ಅಂಗೈ ಕೊಯ್ದುಕೊಂಡು ಟಿಟಿ ಇಂಜೆಕ್ಷನ್ ಆಯಿತು. ಹೊಸ ಜಿಐ ಬಲೆಯ ಮೇಲಿನ ಬಿಳಿ ಪುಡಿ ಹೋಗಲಿ ಅಂತ ವಿನೆಗರ್ ಬೆರೆಸಿದ ನೀರಲ್ಲಿ ಉಜ್ಜಿ ತೊಳೆದೆ.

ಮಾರ್ಚ್ 23: ನೆಲದ ಕೆಳಗೆ

ಮುಂಗುಸಿಯೂ ಹೆಗ್ಗಣವೂ ಗೋಡೆ ಬುಡದಲ್ಲೇ ತೋಡಲು ಶುರು ಮಾಡುತ್ತವೆ. ಅಲ್ಲಿ ತಂತಿ ಸಿಕ್ಕರೆ ಪಕ್ಕಕ್ಕೆ ಸರಿದು ಮತ್ತೆ ಬುಡದಲ್ಲೇ ತೋಡುತ್ತವೆ. ಎರಡಡಿ ಹಿಂದೆ ಸರಿದು ಅಲ್ಲಿಂದ ಸುರಂಗ ತೋಡುವ ಯೋಚನೆ ಅವಕ್ಕೆ ಬರಲ್ಲ. ಹಾಗಾಗಿ ಬಲೆಯನ್ನು ಆಳಕ್ಕೆ ಹೂಳುವ ಬದಲು ಹೊರಗಡೆ ಹಾಸಿದರೆ ಸಾಕು, ಲಂಗದ ಅಂಚಿನ ಹಾಗೆ.

ರೋಲಿನಿಂದ 10 ಅಡಿ ಕತ್ತರಿಸಿ ನಡುವೆ ಸೀಳಿದೆ. ಎರಡಡಿ ಅಗಲದ 20 ಅಡಿ ಪಟ್ಟಿ ಸಿಕ್ಕಿತು. ಸುತ್ತಳತೆಗೆ ಸರಿಯಾಗಿ 20 ಅಡಿ ಅಂತ ಖುಷಿಪಟ್ಟೆ. ಆ ಖುಷಿ ಎಷ್ಟು ದಿನದ್ದು ಅಂತ ಮುಂದೆ ಬರುತ್ತೆ.

ಆರಿಂಚು ಆಳ ಅಗೆಯುವಾಗ ಹಾರೆ ಸಂಪಿನ ಪಿವಿಸಿ ಪೈಪಿಗೆ ಬಿತ್ತು. ನೀರು ಕಾರಂಜಿ. ಜೋಡಿಸುವ ತುಂಡು, ಅಂಟು ಸೇರಿ ₹180. ಆಮೇಲೆ ಮೂರಿಂಚೇ ಅಗೆದೆ. ಬಲೆಯ ಒಂದು ಅಂಚನ್ನು ಗೂಡಿನ ಬಲೆಗೆ ಪ್ರತಿ ಮೂರಿಂಚಿಗೆ ಹೊಲಿದು, ನೆಲದ ಮೇಲೆ ಹಾಸಿ, ಮಣ್ಣು ಮುಚ್ಚಿದೆ.

ಬಾಗಿಲಿಗೆ ಕೀಲು ನಾಲ್ಕು ₹240, ಮೇಲೊಂದು ಕೆಳಗೊಂದು ಟವರ್ ಬೋಲ್ಟ್ (ಎಳೆಯೋ ಚಿಲಕ) ₹170. ಮಲಗಲು ಪ್ಲೈವುಡ್ ಪೆಟ್ಟಿಗೆ, ₹900. ಅದರ ಬಾಗಿಲು ಹೊರಗಿನವರಿಗೆ ಕಾಣದ ಹಾಗೆ ಮನೆ ಕಡೆ ತಿರುಗಿಸಿದೆ. ಬೆಕ್ಕು ಹೊರಗೆ ಕೂತು ದಿಟ್ಟಿಸಿದರೂ ಮೊಲ ಹೆದರುತ್ತೆ, ಅಡಗಲು ಜಾಗ ಬೇಕು. ಚಾವಣಿಗೆ ಕಲರ್ ಶೀಟು ₹1,150.

ಮಾರ್ಚ್ 30

ಯುಗಾದಿ. ಗೃಹಪ್ರವೇಶ. ಬೇವು ಬೆಲ್ಲದ ದಿನ ಬೆಲ್ಲ ಮೊದಲು ಒಳಗೆ ಹೋಯಿತು, ಎಳ್ಳು ಹಿಂದೆ. ಅಮ್ಮ ಬಾಗಿಲಿಗೆ ಮಾವಿನ ಎಲೆ ಕಟ್ಟಿದರು. ಸಂಜೆಗೆ ಕೈಗೆಟುಕುವ ಎಲೆಗಳನ್ನೆಲ್ಲ ಎಳ್ಳು ಜಾಲರಿಯೊಳಗಿಂದ ಎಳೆದು ಹರಿದು ಹಾಕಿತ್ತು.

ಏಪ್ರಿಲ್: ಮೂರು ಕೊರತೆ

ಏಪ್ರಿಲ್ 6, ಭಾನುವಾರ. ಬಾಗಿಲು ಪೂರ್ತಿ ತೆರೆದಿದೆ, ಮೊಲ ಎರಡೂ ಪೆಟ್ಟಿಗೆಯೊಳಗೆ, ಬಟ್ಟಲು ಖಾಲಿ. ನೀನು ಹಾಕಿಲ್ಲ, ನೀವು ಹಾಕಿಲ್ಲ ಅಂತ ನನಗೂ ಹೆಂಡತಿಗೂ ಜಗಳ. ಹಳೆ ಫೋನನ್ನು ಅಡುಗೆಮನೆ ಕಿಟಕಿಯಲ್ಲಿ ಕ್ಯಾಮೆರಾ ಮಾಡಿ ಇಟ್ಟೆ. ಮೂರನೇ ದಿನ ಕಳ್ಳ ಸಿಕ್ಕ. ಕೋತಿ. ಮೇಲೆ ಕೂತು, ಕೈ ಇಳಿಬಿಟ್ಟು, ಬೋಲ್ಟನ್ನು ತಿರುಗಿಸಿ ಎಳೆಯಿತು. ಹನ್ನೊಂದು ಸೆಕೆಂಡು. ಕೆಳಗಿನದಕ್ಕೆ ಇನ್ನೂ ಕಡಿಮೆ. ನಮ್ಮ ಅಳಿಯನಿಗೆ ಆ ಬೋಲ್ಟು ಬರಲ್ಲ. ಕೋತಿ ನಮ್ಮ ಮೊಲಕ್ಕೆ ಏನೂ ಮಾಡಲಿಲ್ಲ, ಕಾಳು ತಿಂದು ಹೋಯಿತು. ಆದರೆ ಬಾಗಿಲು ಮುಚ್ಚಿ ಹೋಗಲ್ಲ, ಅಲ್ವಾ? ಎರಡೂ ಬೋಲ್ಟಿಗೆ ತಿರುಗಣೆ ಇರೋ ಸ್ಪ್ರಿಂಗ್ ಕೊಂಡಿ ಹಾಕಿದೆ, ಎರಡಕ್ಕೆ ₹140. ಹೆಂಡತಿಗೆ ಕ್ಷಮೆ ಕೇಳಿದೆ, ಅದು ಖರ್ಚಿನ ಪಟ್ಟಿಯಲ್ಲಿಲ್ಲ.

ಎರಡನೇದು ಬಿಸಿಲು. ಮುಂಗುಸಿ ಯೋಚನೆಯಲ್ಲಿ ಶೀಟಿನ ಯೋಚನೆಯೇ ಬಂದಿರಲಿಲ್ಲ. ಮಧ್ಯಾಹ್ನ ಎರಡೂವರೆಗೆ ಹೊರಗೆ ನೆರಳಲ್ಲಿ 33 ಡಿಗ್ರಿ, ಶೀಟಿನ ಕೆಳಗೆ 37.5. ಮೊಲ ಬೆವರಲ್ಲ, ಕಿವಿಯಿಂದಲೇ ಶಾಖ ಬಿಡಬೇಕು. 30 ದಾಟಿದರೆ ಕಷ್ಟ ಪಡುತ್ತೆ. ಎಳ್ಳು ಬಾಯಿ ತೆರೆದು ಉಸಿರಾಡುತ್ತಿತ್ತು. ಶೀಟನ್ನು ಅರ್ಧ ಭಾಗಕ್ಕೆ ಮಾತ್ರ ಉಳಿಸಿ, ಬಲೆಯಿಂದ ಆರಿಂಚು ಮೇಲಕ್ಕೆತ್ತಿ, ಇಡೀ ಗೂಡಿನ ಮೇಲೆ ಹಸಿರು ನೆರಳು ಬಲೆ ಕಟ್ಟಿದೆ, ₹400. ಇದನ್ನು ಎಲ್ಲೂ ಸಡಿಲ ಬಿಡದೆ ಬಿಗಿಯಾಗಿ ಎಳೆದು ಕಟ್ಟಿದೆ, ಕೇರೆ ಹಾವಿನ ಪಾಠ. ಮೇಲೆ ಒದ್ದೆ ಗೋಣಿಚೀಲ, ಒಳಗೆ ಫ್ರೀಜರಿನಲ್ಲಿಟ್ಟ ನೀರಿನ ಬಾಟಲಿ. ಅದೇ ಹೊತ್ತಿಗೆ 31ಕ್ಕೆ ಇಳಿಯಿತು.

ಮೂರನೇದು ಒಳಗಿನಿಂದ. ಹೊರಗಿನವರು ಬರದ ಹಾಗೆ ಅಷ್ಟೆಲ್ಲ ಮಾಡಿದ ಮೇಲೆ ಬೆಲ್ಲ ಒಳಗಿನಿಂದ ಹೊರಗೆ ಸುರಂಗ ತೋಡಲು ಶುರು ಮಾಡಿತು. ಒಂದಡಿ ಆಳ ಹೋಗಿತ್ತು. ಅಡುಗೆಮನೆ ಮಾಡಿಸಿದಾಗ ಉಳಿದಿದ್ದ ಕಡಪ ಕಲ್ಲಿನ ತುಂಡುಗಳನ್ನು ಒಳಗೆ ಅಂಚಿನುದ್ದಕ್ಕೂ ಒಂದಡಿ ಅಗಲ ಹಾಸಿದೆ. ನಡುವೆ ಮಣ್ಣು ಬಿಟ್ಟಿದ್ದೇನೆ, ಅಲ್ಲಿ ತೋಡಿಕೊಳ್ಳಲಿ. ಬೇಸಿಗೆಯಲ್ಲಿ ಆ ಕಲ್ಲಿನ ಮೇಲೆ ಎರಡೂ ಹೊಟ್ಟೆ ಹಾಕಿ ಮಲಗುತ್ತವೆ, ತಣ್ಣಗಿರುತ್ತೆ.

ಒಂದು ರಾತ್ರಿ ಕ್ಯಾಮೆರಾದಲ್ಲಿ ಪುನುಗು ಬೆಕ್ಕು ಬಂತು. ಕಾಂಪೌಂಡಿನ ಮೇಲೆ ನಡೆದು ಗೂಡಿನತ್ತ ಒಂದು ಸಲ ಮೂಸಿ, ಪಪ್ಪಾಯಿ ಗಿಡ ಹತ್ತಿ ಹಣ್ಣು ತಿಂದು ಹೋಯಿತು. ತಿರುಪತಿಯಲ್ಲಿ ಶುಕ್ರವಾರದ ಅಭಿಷೇಕ ಆದ ಮೇಲೆ ದೇವರಿಗೆ ಪುನುಗು ತೈಲ ಹಚ್ಚುತ್ತಾರೆ, ಅಮ್ಮನಿಗೆ ಅದು ಗೊತ್ತು. ಪಪ್ಪಾಯಿ ಹೋದ ಬೇಜಾರೇ ಇಲ್ಲ. ಹಣ್ಣಿಗೆ ಮರ ಹತ್ತಿದ್ದು ನೋಡಿದರೆ ಅದು ಮರಬೆಕ್ಕು ಇರಬೇಕು, ತೈಲ ಕೊಡೋದು ಬೇರೆ ಜಾತಿ. ಅಮ್ಮನಿಗೆ ಹೇಳಲಿಲ್ಲ.

ಮೇ 19

ಮೇ 18ರ ರಾತ್ರಿ ಬೆಂಗಳೂರಲ್ಲಿ ಸುರಿದ ಮಳೆ ನಿಮಗೆಲ್ಲ ನೆನಪಿರಬೇಕು. ಬೆಳಿಗ್ಗೆ ನೋಡಿದರೆ ಗೂಡು ನಿಂತಿದೆ, ಪೆಟ್ಟಿಗೆ ಒಣಗಿದೆ, ಮೊಲ ಎರಡೂ ಚೆನ್ನಾಗಿವೆ. ಆದರೆ ಹಿಂದಿನ ಎಡ ಮೂಲೆಯಲ್ಲಿ ಮಣ್ಣು ಕೊಚ್ಚಿಹೋಗಿ ಒಂದು ಬಿಲ ಬಾಯಿ ತೆರೆದಿದೆ. ಹೆಗ್ಗಣದ್ದು. ಇಟ್ಟಿಗೆಯ ಕೆಳಗೆ ಒಳಕ್ಕೆ ಇನ್ನು ಐದಾರು ಇಂಚು ಉಳಿದಿತ್ತು ಅಷ್ಟೆ.

ನಾಲ್ಕು ಕಡೆಗೂ ನೇರ ಪಟ್ಟಿ ಹಾಕಿದ್ದೆನಲ್ಲ, 20 ಅಡಿಗೆ 20 ಅಡಿ. ಮೂಲೆಗಳಲ್ಲಿ ಎರಡು ಪಟ್ಟಿಯ ನಡುವೆ ಎರಡಡಿ ಚೌಕದಷ್ಟು ನೆಲ ಬರಿದಾಗಿ ಉಳಿದಿತ್ತು. ಕಾಗದದ ಮೇಲೆ ಒಂದು ಸಲ ಬರೆದಿದ್ದರೂ ಕಾಣುತ್ತಿತ್ತು. ಹೆಗ್ಗಣ ಗೂಡಿನ ನಾಲ್ಕೂ ಬದಿ ಬಿಟ್ಟು ನೇರ ಅಲ್ಲಿಗೇ ಬಂದಿದೆ.

ರೋಲಿನಲ್ಲಿ 14 ಅಡಿ ಉಳಿದಿತ್ತು. ಎರಡೂವರೆ ಅಡಿ ಚೌಕದ ನಾಲ್ಕು ತುಂಡು ಕತ್ತರಿಸಿ, ಎರಡೂ ಪಟ್ಟಿಯ ಮೇಲೆ ಆರಾರು ಇಂಚು ಹತ್ತಿ ಕೂರುವ ಹಾಗೆ ಇಟ್ಟು, ಹೊಲಿದು, ಬಿಲಕ್ಕೆ ಜೆಲ್ಲಿ ತುಂಬಿ, ಮೇಲೆ ಚಪ್ಪಡಿ ತುಂಡು ಹೇರಿದೆ. ಕಾಂಪೌಂಡಿನ ನೀರು ತೂತಿಗೂ ಬಲೆ ಹಾಕಿದೆ. ಆ ತೂತು ಮುಚ್ಚಬೇಡಿ, ನೀರು ನಿಲ್ಲುತ್ತೆ. ಬಲೆ ಹಾಕಿ, ವಾರಕ್ಕೊಮ್ಮೆ ಎಲೆ ತೆಗೆಯಿರಿ.

ಲೆಕ್ಕ: ಹೊಸ ಗೂಡಿಗೆ ಮೇಲೆ ಬರೆದದ್ದೆಲ್ಲ ಸೇರಿ ₹14,100. ಹಾಳಾದದ್ದು ಹಳೆ ಗೂಡು, ನೈಲಾನ್ ಬಲೆ, ಹಾವು ಬಿಡಿಸಿದ್ದು ಸೇರಿ ₹7,450. ಹಳೆ ಗೂಡಿನ ಏಣಿ ಮಾತ್ರ ಬಳಕೆಯಲ್ಲಿದೆ, ಮಗಳು ಅದರ ಮೇಲೆ ಪಾಟ್ ಇಟ್ಟಿದ್ದಾಳೆ.

ಜೂನ್ 21

ಮುಂಗುಸಿ ವಾರಕ್ಕೆ ಎರಡು ಮೂರು ಸಲ ಬರುತ್ತೆ, ಹತ್ತರಿಂದ ಹನ್ನೆರಡರ ಒಳಗೆ. ನೀರು ತೂತು ಬಂದ್ ಆದ ಮೇಲೆ ಗೋಡೆ ಹತ್ತಿ ಬರುತ್ತೆ. ಇವತ್ತಿನ ವಿಡಿಯೋದಲ್ಲಿ ಮೂರು ಕಡೆ ತೋಡಿ ನೋಡಿದೆ. ಎಲ್ಲ ಕಡೆ ಮೂರಿಂಚಿಗೆ ತಂತಿ. ಒಂದು ಸಲ ಹಿಂಗಾಲ ಮೇಲೆ ನಿಂತು ಬಾಗಿಲಿನ ಕೆಳಸಂದಿಗೆ ಮೂತಿ ಇಟ್ಟಿತು. ಒಳಗಿನಿಂದ ಬೆಲ್ಲ ಹಿಂಗಾಲನ್ನು ಕಲ್ಲಿಗೆ ದಪ್ ದಪ್ ಅಂತ ಬಡಿಯಿತು, ಎಳ್ಳು ಪೆಟ್ಟಿಗೆಗೆ ಓಡಿತು. ನಾಲ್ಕು ನಿಮಿಷಕ್ಕೆ ಮುಂಗುಸಿ ಹೋಯಿತು. ಬಾಗಿಲಿನ ಕೆಳಸಂದು ಅರ್ಧ ಇಂಚಿಗಿಂತ ಕೂದಲಷ್ಟು ಜಾಸ್ತಿ ಇದೆ. ಭಾನುವಾರ ಅಲ್ಲಿಗೊಂದು ಪಟ್ಟಿ ಹೊಡೆಯಬೇಕು.

ಬೆಕ್ಕಿಗೆ ಇನ್ನೂ ಉಪಾಯ ಸಿಕ್ಕಿಲ್ಲ. ನಾನು ಮೊದಲು ಹೆದರಿದ್ದೇ ಅದಕ್ಕೆ. ಅದೀಗ ದಿನಾ ರಾತ್ರಿ ಗೂಡಿನ ಶೀಟಿನ ಮೇಲೆ ಮಲಗುತ್ತೆ. ಬೆಳಿಗ್ಗೆ ಅಮ್ಮ ಹಾಲು ಇಡುತ್ತಾರೆ, ನನಗೆ ಗೊತ್ತಿಲ್ಲ ಅಂದುಕೊಂಡಿದ್ದಾರೆ.